ಅರ್ಕಾವತಿಯ ಎರಡು ರೋಗಗಳು

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಯು ನಮ್ಮ ನಾಡಿನಲ್ಲಿ ಹಳೆಯದು. ನದಿಗಳ ಪುನರುಜ್ಜೀವನವೆಂಬ ಹೆಸರಿನಿಂದ ನಮ್ಮಲ್ಲಿ ನಡೆಯುತ್ತಿರುವ ಕಾರ್ಯಗಳನ್ನು ನೋಡಿದರೆ ಆ ಗಾದೆಯು ಇನ್ನೂ ಹಳತಾಗಿಲ್ಲವೆಂದು ಹೇಳಬೇಕಾಗಿದೆ. ನದಿಗಳನ್ನು ಉಳಿಸಬೇಕೆಂಬ ವಿಷಯದಲ್ಲಿ ಇಂದು ಯಾರದೂ ಭಿನ್ನಮತವಿಲ್ಲ. ಸರಕಾರವು ಹಾಗೆ ಹೇಳುತ್ತದೆ. ನ್ಯಾಯಪೀಠಗಳು ಹಾಗೆ ಆಜ್ಞಾಪಿಸುತ್ತವೆ. ಮಹಾಜನರೂ ಅದನ್ನೇ ಬಯಸುತ್ತಾರೆ. 2018ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಪೀಠವು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯು ಮಲಿನವೆಂದು ಗುರುತಿಸಿದ 351 ನದೀಭಾಗಗಳಿಗೆ ಸುಧಾರಣೆಯ ಯೋಜನೆಗಳನ್ನು ಸಿದ್ಧಪಡಿಸಬೇಕೆಂದು ರಾಜ್ಯಗಳಿಗೆ ವಿಧಿಸಿತು. ಅವುಗಳಲ್ಲಿ 17 ಭಾಗಗಳು ಕರ್ನಾಟಕದವು. 2022ರಲ್ಲಿ ಮಂಡಲಿಯು ಪ್ರಕಟಿಸಿದ ಪಟ್ಟಿಯಲ್ಲಿ ದೇಶದ ಒಟ್ಟು ಸಂಖ್ಯೆಯು 311ಕ್ಕೆ ಇಳಿಯಿತು. ಕರ್ನಾಟಕದ ಸಂಖ್ಯೆಯು ಮಾತ್ರ 17 ಆಗಿಯೇ ಉಳಿಯಿತು. ಕೆಲಸವು ನಡೆದಿಲ್ಲವೆಂದು ಯಾರೂ ಹೇಳಲಾರರು. ಆದರೆ ನಡೆದ ಕೆಲಸವು ರೋಗಕ್ಕೆ ತಕ್ಕುದಾಗಿತ್ತೇ ಎಂದು ಕೇಳುವ ಹಕ್ಕು ಲೋಕಮತಕ್ಕೆ ಉಂಟು.

ಈ ಪ್ರಶ್ನೆಯನ್ನು ಎಲ್ಲ ನದಿಗಳ ವಿಷಯವಾಗಿ ಒಟ್ಟಿಗೆ ಕೇಳಿದರೆ ಉತ್ತರವೂ ಮೋಡದಂತೆ ಮಸುಕಾಗುವದು. ಆದುದರಿಂದ ನಾವು ಆ ಪಟ್ಟಿಯಲ್ಲಿರುವ ಒಂದೇ ನದಿಯನ್ನು ಇಲ್ಲಿ ವಿಚಾರಕ್ಕೆ ತೆಗೆದುಕೊಳ್ಳುತ್ತೇವೆ. ಅದು ಅರ್ಕಾವತಿ. ನಂದಿಬೆಟ್ಟದಲ್ಲಿ ಹುಟ್ಟಿ, ದೊಡ್ಡಬಳ್ಳಾಪುರ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗಳ ಮಾರ್ಗವಾಗಿ ಇಳಿದು, ರಾಮನಗರ, ಕನಕಪುರಗಳನ್ನು ದಾಟಿ, ಸುಮಾರು 190 ಕಿಲೋಮೀಟರುಗಳ ಪಯಣದ ಕೊನೆಯಲ್ಲಿ ಸಂಗಮವೆಂಬಲ್ಲಿ ಕಾವೇರಿಯನ್ನು ಕೂಡುವ ಈ ನದಿಯು ಗಂಗೆಯಂತೆ ದೊಡ್ಡದಲ್ಲ, ತುಂಗಭದ್ರೆಯಂತೆ ಪ್ರಸಿದ್ಧವೂ ಅಲ್ಲ. ಆದರೆ ಒಂದು ಮಹಾನಗರದ ನೆರೆಯಲ್ಲಿರುವ ಸಣ್ಣ ನದಿಗೆ ಯಾವ ಗತಿ ಒದಗಬಹುದೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ನಮ್ಮ ನಾಡಿನಲ್ಲಿ ಇನ್ನೊಂದಿಲ್ಲ. ಏಕೆಂದರೆ ಈ ಒಂದೇ ನದಿಗೆ ಎರಡು ರೋಗಗಳಿವೆ. ಅವು ಒಂದಕ್ಕೊಂದು ತೀರ ವಿರುದ್ಧವಾದವು. ಮೇಲ್ಭಾಗದಲ್ಲಿ ಪಾತ್ರವಿದೆ, ನೀರಿಲ್ಲ. ಕೆಳಗೆ ವೃಷಭಾವತಿಯು ಬಂದು ಕೂಡುವ ಭಾಗದಲ್ಲಿ ನೀರಿದೆ, ಜೀವವಿಲ್ಲ.

ಮೊದಲನೆಯ ರೋಗವನ್ನು ನೋಡೋಣ. ಬೆಂಗಳೂರಿಗೆ ಕೊಳವೆಯ ಮೂಲಕ ಶುದ್ಧೀಕರಿಸಿದ ನೀರು 1896ರಲ್ಲಿ ಮೊದಲು ಬಂದದ್ದು ಇದೇ ನದಿಯ ಹೆಸರಘಟ್ಟದ ಕೆರೆಯಿಂದ. ಊರು ಬೆಳೆದು ಆ ನೀರು ಸಾಲದಾದಾಗ, ಅರ್ಕಾವತಿ ಮತ್ತು ಕುಮುದ್ವತಿಗಳು ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಚಾಮರಾಜಸಾಗರವು ಸಿದ್ಧವಾಯಿತು. ಸುಮಾರು 1,450 ಚದರ ಕಿಲೋಮೀಟರುಗಳ ಜಲಾನಯನದ ಮಳೆಯು ಆ ಜಲಾಶಯದಲ್ಲಿ ಬಂದು ಸೇರುತ್ತಿತ್ತು. ನಾಲ್ಕು ದಶಕಗಳ ಕಾಲ ಬೆಂಗಳೂರಿನ ಬಾಯಾರಿಕೆಯನ್ನು ತಣಿಸಿದ್ದು ಈ ನದಿಯೇ. ಆಮೇಲೆ 1974ರಲ್ಲಿ ಸುಮಾರು 100 ಕಿಲೋಮೀಟರು ದೂರದಿಂದ ಕಾವೇರಿಯ ನೀರನ್ನು ಮೇಲಕ್ಕೆತ್ತಿ ತಂದರು. ದೂರದ ನದಿಯು ಮನೆಯ ನಲ್ಲಿಗೆ ಬಂದ ಮೇಲೆ ಹತ್ತಿರದ ನದಿಯನ್ನು ಕೇಳುವವರಾರು? ಅಂದಿನಿಂದ ಮುಂದೆ ಚಾಮರಾಜಸಾಗರಕ್ಕೆ ಬರುವ ನೀರು ವರ್ಷ ವರ್ಷಕ್ಕೂ ಕುಗ್ಗುತ್ತ ಬಂದು, ಈ ಶತಮಾನದ ಆರಂಭದ ಹೊತ್ತಿಗೆ ಹಿಂದಿನ ಒಳಹರಿವಿನ ಒಂದು ಸಣ್ಣ ಪಾಲಾಗಿ ಉಳಿಯಿತು.

ಇದಕ್ಕೆ ಕಾರಣವೇನು? ಮಳೆ ಕಡಿಮೆಯಾಯಿತೆಂದು ಹೇಳುವವರು ಹಲವರು. ದೈವದ ಮೇಲೆ ಹೊರೆ ಹಾಕಿದರೆ ಮನುಷ್ಯನ ಹೊಣೆ ಹಗುರಾಗುವದರಿಂದ ಈ ಉತ್ತರವು ಎಲ್ಲರಿಗೂ ಹಿತವಾಗಿದೆ. ಬೆಂಗಳೂರಿನ ಏಟ್ರೀ ಎಂಬ ಸಂಶೋಧನಾ ಸಂಸ್ಥೆಯ ವಿದ್ವಾಂಸರೂ ಅವರ ಸಹಕಾರಿಗಳೂ ಈ ಪ್ರಶ್ನೆಯನ್ನೇ ಹಿಡಿದು, ಸಾಧ್ಯವಾದ ಕಾರಣಗಳನ್ನೆಲ್ಲ ಮುಂದಿಟ್ಟುಕೊಂಡು, ಒಂದೊಂದನ್ನೂ ಲೆಕ್ಕದ ತಕ್ಕಡಿಯಲ್ಲಿ ತೂಗಿ, 2015ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಮಳೆಯ ಇಳಿತವಾಗಲಿ ಬಿಸಿಲಿನ ಏರಿಕೆಯಾಗಲಿ ಇಷ್ಟು ದೊಡ್ಡ ನಷ್ಟವನ್ನು ವಿವರಿಸಲಾರವು. ಕೊಳವೆಬಾವಿಗಳಿಂದ ಅಂತರ್ಜಲವನ್ನು ಮಿತಿಮೀರಿ ಎತ್ತಿದ್ದು, ನೀಲಗಿರಿ ತೋಪುಗಳು ಹಬ್ಬಿದ್ದು, ಇವೆರಡಕ್ಕಿಂತ ಕಡಿಮೆ ಪ್ರಮಾಣದಲ್ಲಿ ಹಳ್ಳಕೊಳ್ಳಗಳಿಗೆ ಅಡ್ಡಗಟ್ಟೆಗಳನ್ನು ಹಾಕಿ ಹರಿವನ್ನು ತುಂಡರಿಸಿದ್ದು, ಇವೇ ಸಂಭವನೀಯ ಕಾರಣಗಳು ಎಂಬುದು ಆ ನಿರ್ಣಯದ ಸಾರ.

ಇದರ ಮರ್ಮವನ್ನು ವಾಚಕರು ಸ್ವಲ್ಪ ಮನಸ್ಸಿಟ್ಟು ತಿಳಿಯಬೇಕು. ನಮ್ಮ ಬಯಲುಸೀಮೆಯ ನದಿಯು ಮಳೆ ಸುರಿದ ದಿನ ಮಾತ್ರ ಹರಿಯುವ ಕಾಲುವೆಯಲ್ಲ. ಮಳೆಗಾಲದಲ್ಲಿ ನೆಲವು ಕುಡಿದ ನೀರು, ಗಟ್ಟಿ ಬಂಡೆಯ ಮೇಲಿರುವ ಸಡಿಲ ಮಣ್ಣು-ಕಲ್ಲುಗಳ ಪದರದಲ್ಲಿ ನಿಂತು, ಮೆಲ್ಲನೆ ಜಿನುಗಿ ಹಳ್ಳಕ್ಕೆ ಬರುತ್ತದೆ. ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ನದಿಯನ್ನು ಬದುಕಿಸುವದು ಈ ಜಿನುಗೇ. ಸೇದುವ ಬಾವಿಯಲ್ಲಿ ಕೆಲವೇ ಮಾರು ಆಳದಲ್ಲಿ ನೀರು ಕಾಣುತ್ತಿದ್ದ ಕಾಲದಲ್ಲಿ ನದಿಯೂ ಹರಿಯುತ್ತಿತ್ತು. ಅವೆರಡೂ ಒಂದೇ ನೀರು. ಇಂದು ಕೊಳವೆಬಾವಿಯು ಸಾವಿರ ಅಡಿಗೆ ಇಳಿದಿದೆ. ಮೇಲಿನ ಪದರವು ಬತ್ತಿಹೋಗಿ ಅಂತರ್ಜಲವು ನದಿಯ ತಳಕ್ಕಿಂತ ಬಹು ಕೆಳಗೆ ಹೋದ ಮೇಲೆ, ನೆಲವು ನದಿಗೆ ಕೊಡುವ ಬದಲು ನದಿಯಿಂದಲೇ ಕಸಿಯುತ್ತದೆ. ಒಣಗಿದ ಪಾತ್ರದ ಮೇಲೆ ಬಿದ್ದ ನೀರು ಹರಿಯುವ ಮೊದಲೇ ಇಂಗಿಹೋಗುತ್ತದೆ.

ಹೀಗಿರುವಾಗ ಸರಕಾರವು ಮಾಡಿದ ಚಿಕಿತ್ಸೆ ಯಾವದು? ನದಿಯ ಪಾತ್ರದ ಹೂಳು ತೆಗೆಯುವದು, ಜಾಲಿ ಕಡಿಯುವದು, ಒತ್ತುವರಿ ಬಿಡಿಸುವದು, ದಂಡೆಯನ್ನು ನೇರ್ಪಡಿಸುವದು. ಇವುಗಳಲ್ಲಿ ಒತ್ತುವರಿ ತೆರವಂತೂ ಆಗಲೇಬೇಕಾದ ಕೆಲಸ. ಅದನ್ನು ನಾವು ಆಕ್ಷೇಪಿಸುವದಿಲ್ಲ. ಆದರೆ ಗಂಟಲು ತೊಳೆದರೆ ಹೊಟ್ಟೆಯ ಹಸಿವು ಹೋಗುವದೇ? ಬಾವಿಗಳ ನೀರಿನ ಮಟ್ಟವನ್ನು ಏರಿಸದೆ ಹಳ್ಳದ ಮುಖವನ್ನು ಎಷ್ಟು ಉಜ್ಜಿದರೂ ನೀರು ಬರಲಾರದು. ಜಲಾನಯನವನ್ನು ಕಾಪಾಡುವದಕ್ಕಾಗಿ 2003ರಲ್ಲಿ ಸರಕಾರವು ಅಧಿಸೂಚನೆಯೊಂದನ್ನು ಹೊರಡಿಸಿ ಜಲಾಶಯ ಮತ್ತು ನದಿಗಳ ನೆರೆಯಲ್ಲಿ ಕಟ್ಟಡಗಳಿಗೂ ಕೈಗಾರಿಕೆಗಳಿಗೂ ನಿರ್ಬಂಧ ಹಾಕಿತು. 2019ರಲ್ಲಿ ಅದೇ ನಿರ್ಬಂಧಗಳನ್ನು ಸಡಿಲಿಸಲಾಯಿತು. ಒಂದು ಕೈಯಿಂದ ಬೇಲಿ ಕಟ್ಟಿ ಇನ್ನೊಂದು ಕೈಯಿಂದ ಕಿತ್ತರೆ ಹೊಲವು ಉಳಿಯುವ ಬಗೆ ಹೇಗೆ? 2017ರಲ್ಲಿ ನೀಲಗಿರಿಯನ್ನು ಹೊಸದಾಗಿ ನೆಡುವದನ್ನು ನಿಷೇಧಿಸಿದ್ದು ಸರಿಯಾದ ಹೆಜ್ಜೆ. ಆದರೆ ಬೇರೂರಿ ನಿಂತ ತೋಪುಗಳು ಕಡಿದಷ್ಟೂ ಚಿಗುರುತ್ತವೆ. ಕೂಲಿಗೆ ಆಳು ಸಿಗದೆ, ರಾಗಿಗೆ ಬೆಲೆ ಸಿಗದೆ ನೀಲಗಿರಿಯನ್ನು ಹಚ್ಚಿದ ರೈತನಿಗೆ ಬೇರೆ ದಾರಿಯನ್ನು ತೋರಿಸದೆ ಬರಿಯ ನಿಷೇಧದಿಂದ ಫಲವಿಲ್ಲ.

ಪಶ್ಚಿಮ ಘಟ್ಟದ ಎತ್ತಿನಹೊಳೆಯ ನೀರನ್ನು ತಂದು ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗಳನ್ನು ತುಂಬಿಸುವ ಯೋಚನೆಯನ್ನೂ ಸರಕಾರವು ಹಮ್ಮಿಕೊಂಡಿದೆ. ಅದರಿಂದ ಊರಿಗೆ ನೀರು ದೊರೆಯಬಹುದು. ಆ ವಾದವೇ ಬೇರೆ. ಆದರೆ ಅದನ್ನು ಅರ್ಕಾವತಿಯ ಪುನರುಜ್ಜೀವನವೆಂದು ಕರೆಯುವದನ್ನು ನಾವು ಒಪ್ಪಲಾರೆವು. ಪರರ ನದಿಯಿಂದ ತುಂಬಿದ ತೊಟ್ಟಿಯು ತೊಟ್ಟಿಯೇ, ಅದು ನದಿಯಲ್ಲ.

ಇನ್ನು ಎರಡನೆಯ ರೋಗ. ಬೆಂಗಳೂರು ಎತ್ತರದ ದಿಣ್ಣೆಯ ಮೇಲೆ ಕುಳಿತ ಊರು. ಅದರ ಪೂರ್ವದ ನೀರು ದಕ್ಷಿಣ ಪಿನಾಕಿನಿಗೆ ಇಳಿಯುತ್ತದೆ. ಪಶ್ಚಿಮದ ನೀರು ವೃಷಭಾವತಿಗೆ ಇಳಿಯುತ್ತದೆ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿತೆಂದು ಪ್ರತೀತಿಯಿರುವ ಈ ಹೊಳೆಯು ಇಂದು ಮೈಸೂರು ರಸ್ತೆಯ ಮಗ್ಗುಲಲ್ಲಿ ಕಪ್ಪಾಗಿ ನೊರೆಯುಗುಳುತ್ತ, ಕೆಂಗೇರಿಯನ್ನು ದಾಟಿ, ಬಿಡದಿಯ ಹತ್ತಿರದ ಬೈರಮಂಗಲದ ಕೆರೆಗೆ ಇಳಿದು, ಅಲ್ಲಿಂದ ಕನಕಪುರದ ಸೀಮೆಯಲ್ಲಿ ಅರ್ಕಾವತಿಯನ್ನು ಕೂಡುತ್ತದೆ. ಬೇಸಗೆಯಲ್ಲಿಯೂ ಇದು ಬತ್ತುವದಿಲ್ಲ. ಏಕೆ ಬತ್ತುವದಿಲ್ಲವೆಂದು ಕೇಳಿದರೆ ನಾಚಿಕೆಯ ಉತ್ತರ ಸಿಗುತ್ತದೆ. ನಗರಕ್ಕೆ ಕೊಟ್ಟ ನೀರಿನಲ್ಲಿ ಶೇಕಡಾ 80ರಷ್ಟು ಕೊಳಚೆಯಾಗಿ ಹೊರಬೀಳುವದೆಂಬುದು ಎಂಜಿನಿಯರರ ವಾಡಿಕೆಯ ಲೆಕ್ಕ. ಕಾವೇರಿಯಿಂದ ಎತ್ತಿ ತಂದ ನೀರೇ, ಪಶ್ಚಿಮ ಬೆಂಗಳೂರಿನ ಮನೆಗಳಲ್ಲಿಯೂ ಪೀಣ್ಯದ ಕಾರಖಾನೆಗಳಲ್ಲಿಯೂ ಬಳಕೆಯಾಗಿ, ವೃಷಭಾವತಿಯಾಗಿ, ಅರ್ಕಾವತಿಯಾಗಿ, ಸಂಗಮದಲ್ಲಿ ಮತ್ತೆ ಕಾವೇರಿಯನ್ನೇ ಸೇರುತ್ತದೆ. ತಾಯಿಯಿಂದ ಹಾಲು ಪಡೆದು ವಿಷವನ್ನು ಮರಳಿಸುವ ಮಕ್ಕಳೆಂದು ನಮ್ಮನ್ನು ಯಾರಾದರೂ ಕರೆದರೆ ನಾವು ಏನು ಉತ್ತರ ಕೊಡಬಲ್ಲೆವು? 2024ರ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತವು ಆರಂಭವಾಗಿ ದಿನಕ್ಕೆ 77.5 ಕೋಟಿ ಲೀಟರು ನೀರು ಊರಿಗೆ ಹೆಚ್ಚಾಗಿ ದೊರೆಯುವಂತಾಯಿತು. ಆ ನೀರಿನ ಹೆಚ್ಚಿನ ಪಾಲು ಕೊಳಚೆಯಾಗಿ ಹೊರಬಂದು ಎಲ್ಲಿಗೆ ಹೋಗುವದೆಂಬ ಲೆಕ್ಕವನ್ನೂ ಅಷ್ಟೇ ಗಟ್ಟಿಯಾಗಿ ಸಾರಬೇಕಾಗಿತ್ತು.

ಬೈರಮಂಗಲದ ಕೆಳಗಿನ ರೈತರ ಪಾಡನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಆ ಕೆರೆಯನ್ನು ಕಟ್ಟಿಸಿದ್ದು ಅವರ ಹೊಲಗಳಿಗೆ ನೀರುಣಿಸುವದಕ್ಕಾಗಿ. ಇಂದು ಅದು ನಗರದ ಕೊಳಚೆಯ ಉಗ್ರಾಣವಾಗಿದೆ. ಬತ್ತ ಬೆಳೆಯುತ್ತಿದ್ದ ಗದ್ದೆಗಳಲ್ಲಿ ದನದ ಮೇವಿನ ಹುಲ್ಲನ್ನೂ ಎಳೆ ಜೋಳವನ್ನೂ ಬೆಳೆಯುತ್ತಾರೆ. ಆ ಮೇವು ತಿಂದ ಹಸುವಿನ ಹಾಲೂ ಆ ಸೀಮೆಯ ಕಾಯಿಪಲ್ಲೆಯೂ ಮತ್ತೆ ಬೆಂಗಳೂರಿಗೇ ಬರುತ್ತವೆ. ಈ ನೀರನ್ನು ಬಳಸಬೇಡಿರೆಂದು ಅವರಿಗೆ ಹೇಳುವದು ಸುಲಭ. ಬೇರೆ ನೀರೆಲ್ಲಿದೆ ಎಂದು ಅವರು ಕೇಳಿದರೆ ಹೇಳುವವರು ಬಾಯಿ ಮುಚ್ಚಬೇಕಾಗುತ್ತದೆ. ಅನ್ಯಾಯವನ್ನು ಮಾಡಿದವರು ಒಂದು ಕಡೆ, ಅನುಭವಿಸುವವರು ಇನ್ನೊಂದು ಕಡೆ.

ಇಂಥ ನದಿಯ ಆರೋಗ್ಯವನ್ನು ನಮ್ಮ ಅಧಿಕಾರಿವರ್ಗವು ಅಳೆಯುವ ಕ್ರಮವಾದರೂ ಎಂಥದು? ಜಲಮಾಲಿನ್ಯ ನಿವಾರಣೆಯ ಕಾಯಿದೆಯು 1974ರಲ್ಲಿ ಬಂದಿತು. ಅದರ ಮೇರೆಗೆ ಸ್ಥಾಪಿತವಾದ ಕೇಂದ್ರ ಮಂಡಲಿಯು ನೀರನ್ನು ಅದರ ಉಪಯೋಗದ ಮೇಲೆ ಎ ಇಂದ ಇ ವರೆಗೆ ಐದು ವರ್ಗಗಳಾಗಿ ವಿಂಗಡಿಸಿದೆ. ಸ್ನಾನಕ್ಕೆ ಯೋಗ್ಯವಾದ ಬಿ ವರ್ಗದ ನೀರಿನಲ್ಲಿ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಕರಗಿದ ಆಮ್ಲಜನಕವಿರಬೇಕು. ಕೊಳೆಯುವ ಪದಾರ್ಥವು ಹೀರುವ ಆಮ್ಲಜನಕದ ಬೇಡಿಕೆಯು 3 ಮಿಲಿಗ್ರಾಂ ಮೀರಬಾರದು. ಮೀನು ಮತ್ತು ವನ್ಯಜೀವಿಗಳಿಗಾಗಿರುವ ಡಿ ವರ್ಗದಲ್ಲಿ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕವಿರಬೇಕು. ಆದರೆ ವ್ಯವಸಾಯಕ್ಕೆಂದು ಇಟ್ಟಿರುವ ಇ ವರ್ಗವನ್ನು ನೋಡಿರಿ: ಅಲ್ಲಿ ಕೇಳುವದು ಆಮ್ಲೀಯತೆ, ಉಪ್ಪಿನಂಶ, ಸೋಡಿಯಂ, ಬೋರಾನ್ ಇಷ್ಟನ್ನೇ. ಆಮ್ಲಜನಕದ ಮಾತಿಲ್ಲ, ಸೀಸ, ಕ್ರೋಮಿಯಂಗಳಂಥ ಭಾರಲೋಹಗಳ ಮಾತೂ ಇಲ್ಲ. ಎಂದರೆ ದುರ್ಗಂಧದಿಂದ ಮೂಗು ಮುಚ್ಚಿಕೊಳ್ಳಬೇಕಾದ ಹೊಳೆಯೂ ಉಪ್ಪಿನ ಲೆಕ್ಕ ಸರಿಯಾಗಿದ್ದರೆ ರೈತನ ಹೊಲಕ್ಕೆ ಯೋಗ್ಯವೆಂದು ಕಾಗದದ ಮೇಲೆ ಉತ್ತೀರ್ಣವಾಗಬಹುದು. ಇದೇ ಬೈರಮಂಗಲದವರ ಪಾಲಿಗೆ ಬಂದ ಅಳತೆ.

ಈ ಐದು ವರ್ಗಗಳಲ್ಲಿ ಇನ್ನೊಂದು ಕೊರತೆಯೂ ಇದೆ. ಅವು ಮನುಷ್ಯನ ಉಪಯೋಗವನ್ನು ಅಳೆಯುತ್ತವೆಯೇ ಹೊರತು ನದಿಯನ್ನು ಅಳೆಯುವದಿಲ್ಲ. ಎಷ್ಟು ನೀರು ಹರಿಯಿತು, ಯಾವ ತಿಂಗಳಲ್ಲಿ ನಿಂತಿತು, ದಂಡೆಯ ಗಿಡಮರಗಳು ಉಳಿದಿವೆಯೇ, ತಳದಲ್ಲಿ ಮರಳು ಇದೆಯೇ ಎಂಬ ಪ್ರಶ್ನೆಗಳಿಗೆ ಅಲ್ಲಿ ಎಡೆಯಿಲ್ಲ. ನೀರೇ ಇಲ್ಲದ ಮೇಲಿನ ಅರ್ಕಾವತಿಯಲ್ಲಿ ತಪಾಸಣೆಗೆ ತುಂಬಿಸಲು ಒಂದು ಸೀಸೆ ನೀರೂ ಸಿಗುವದಿಲ್ಲ. ಆದುದರಿಂದ ಅದು ಮಲಿನವೂ ಅಲ್ಲ! ತಿಂಗಳಿಗೊಮ್ಮೆ ಹಗಲು ಹೊತ್ತಿನಲ್ಲಿ ತುಂಬಿಸಿದ ಸೀಸೆಯು, ರಾತ್ರಿಯ ಕತ್ತಲಲ್ಲಿ ಕಾರಖಾನೆಯೊಂದು ಬಿಟ್ಟ ವಿಷದ ಸಾಕ್ಷಿಯನ್ನು ಹೇಳಲಾರದು.

ಆ ಸಾಕ್ಷಿಯನ್ನು ಹೇಳುವವರು ಬೇರೆ ಇದ್ದಾರೆ. ಹೊಳೆಯ ಕಲ್ಲುಗಳ ಅಡಿಯಲ್ಲಿ ಬರಿಗಣ್ಣಿಗೆ ಕಾಣುವ ಸಣ್ಣ ಹುಳುಗಳು ವಾಸಿಸುತ್ತವೆ. ಕೆಲವು ಹುಳುಗಳ ಮರಿಗಳು ತಂಪಾದ, ಆಮ್ಲಜನಕ ತುಂಬಿದ, ಹರಿಯುವ ನೀರಿನಲ್ಲಲ್ಲದೆ ಬದುಕವು. ಕೆಂಪು ಎರೆಯಂಥ ಕೆಲವು ಕೊಳಚೆಯ ಕೆಸರಿನಲ್ಲಿಯೇ ಹುಲುಸಾಗುತ್ತವೆ. ಅವು ಅಲ್ಲಿಯೇ ಹಗಲಿರುಳು ವಾಸವಿರುವದರಿಂದ, ವಿಷವು ಹರಿದುಹೋದ ಮೇಲೂ ಯಾರು ಸತ್ತರು, ಯಾರು ಉಳಿದರು ಎಂಬುದರಿಂದ ನದಿಯ ಕಳೆದ ತಿಂಗಳುಗಳ ಚರಿತ್ರೆಯನ್ನು ಓದಬಹುದು. ಕೇಂದ್ರ ಮಂಡಲಿಯೇ ಈ ಜೀವಿಗಳ ಕುಟುಂಬಗಳಿಗೆ ಅಂಕಗಳನ್ನು ಕೊಟ್ಟು, ಅವುಗಳ ವೈವಿಧ್ಯವನ್ನೂ ಎಣಿಸಿ, ಶುಚಿಯಿಂದ ತೀವ್ರ ಮಾಲಿನ್ಯದ ವರೆಗೆ ಐದು ಮೆಟ್ಟಿಲುಗಳ ಜೈವಿಕ ಮಾನದಂಡವನ್ನು ರಚಿಸಿದೆ. ಒಂದು ಬಲೆ, ಒಂದು ಬಿಳಿಯ ತಟ್ಟೆ, ತರಬೇತಿ ಪಡೆದ ಎರಡು ಕಣ್ಣುಗಳು ಇದಕ್ಕೆ ಮುಖ್ಯವಾಗಿ ಬೇಕಾದ ಸಾಮಗ್ರಿ. ಒಳ್ಳೆಯ ಕೋಲು ಕೈಯಲ್ಲಿದ್ದೂ ಕುರುಡರಂತೆ ತಡವರಿಸುವದೇಕೆ?

ಪರದೇಶಗಳ ಅನುಭವವು ಇಲ್ಲಿ ನಮಗೆ ಉಪಯುಕ್ತವಾಗಿದೆ. ಯೂರೋಪಿನ ಒಕ್ಕೂಟವು 2000ದಲ್ಲಿ ಮಾಡಿದ ಜಲನಿಯಮವು ನದಿಯ ಮೀನು, ಹುಳು, ಸಸ್ಯಗಳನ್ನು ಮೊದಲು ನೋಡಿ, ಹರಿವು ಮತ್ತು ಪಾತ್ರದ ಸ್ವರೂಪವನ್ನೂ ನೀರಿನ ರಸಾಯನವನ್ನೂ ಅದಕ್ಕೆ ಜೋಡಿಸಿ, ಐದು ದರ್ಜೆಗಳಲ್ಲಿ ನದಿಯ ಸ್ಥಿತಿಯನ್ನು ನಿರ್ಣಯಿಸುತ್ತದೆ. ಎಲ್ಲದರಲ್ಲಿ ಚೆನ್ನಾಗಿದ್ದು ಒಂದರಲ್ಲಿ ಕೆಟ್ಟರೂ ನದಿಗೆ ಸಿಗುವದು ಆ ಕೆಟ್ಟ ದರ್ಜೆಯೇ. ಸರಾಸರಿಯ ಪರದೆಯ ಹಿಂದೆ ಅವಗುಣವನ್ನು ಮರೆಮಾಡುವಂತಿಲ್ಲ. 2015ರೊಳಗೆ ಎಲ್ಲ ಜಲಗಳೂ ಒಳ್ಳೆಯ ದರ್ಜೆಗೆ ಬರಬೇಕೆಂದು ಅವರು ಗೊತ್ತುಮಾಡಿದ್ದರು. 2018ರ ಅವರದೇ ವರದಿಯಂತೆ ಸುಮಾರು ಶೇಕಡಾ 40 ಭಾಗ ಮಾತ್ರ ಆ ಮಟ್ಟವನ್ನು ಮುಟ್ಟಿದ್ದವು. ಅವರು ಸೋತರೆಂದು ನಗುವವರು ನಗಲಿ. ಸೋತದ್ದನ್ನು ಅಂಕಿಗಳಲ್ಲಿ ಬರೆದು ಜನರ ಮುಂದಿಟ್ಟರೆಂಬುದನ್ನು ನಾವು ಮೆಚ್ಚುತ್ತೇವೆ. ನಮ್ಮ ದೇಶದಲ್ಲಿಯೂ 2018ರ ಅಕ್ಟೋಬರಿನಲ್ಲಿ ಗಂಗೆಗಾಗಿ ಕನಿಷ್ಠ ಹರಿವಿನ ನಿಯಮವಾಗಿದೆ. ಹರಿದ್ವಾರದ ವರೆಗಿನ ಭಾಗದಲ್ಲಿ, ಋತುವಿಗೆ ತಕ್ಕಂತೆ, ತಿಂಗಳ ಸರಾಸರಿ ಹರಿವಿನ ಶೇಕಡಾ 20ರಿಂದ 30 ಭಾಗವನ್ನು ನದಿಗೇ ಬಿಡಬೇಕೆಂದು ಅದು ವಿಧಿಸುತ್ತದೆ. ನದಿಯ ನೀರಿನಲ್ಲಿ ನದಿಗೂ ಒಂದು ಪಾಲುಂಟೆಂಬ ತತ್ತ್ವವು ಗಂಗೆಗೆ ಸಲ್ಲುವದಾದರೆ ಅರ್ಕಾವತಿಗೆ ಏಕೆ ಸಲ್ಲಬಾರದು?

ಆದುದರಿಂದ ನಾವು ಸರಕಾರದ ಮುಂದಿಡುವ ಕೋರಿಕೆಗಳು ಇವು. ಮೊದಲನೆಯದಾಗಿ, ಅರ್ಕಾವತಿಯ ಎರಡು ಭಾಗಗಳಿಗೆ ಎರಡು ಬೇರೆ ಗುರಿಗಳನ್ನು ಗೊತ್ತುಮಾಡತಕ್ಕದ್ದು. ಮೇಲ್ಭಾಗದ ಗುರಿಯು ಬಾವಿಯ ಮಟ್ಟ ಮತ್ತು ಹರಿವಿನ ದಿನಗಳು; ಕೆಳಭಾಗದ ಗುರಿಯು ಆಮ್ಲಜನಕ, ಲೋಹಗಳು ಮತ್ತು ಜೀವಸಂಕುಲ. ಎರಡನೆಯದಾಗಿ, ಹೂಳೆತ್ತುವ ಗುತ್ತಿಗೆಗಿಂತ ಮೊದಲು ಅಳತೆಯ ಕೆಲಸವು ನಡೆಯಬೇಕು. ಕೆಲಸವಾದ ಮೇಲೆ ಅದೇ ಸ್ಥಳಗಳಲ್ಲಿ ಅದೇ ಅಳತೆಯನ್ನು ಮತ್ತೆ ಮಾಡಿ ಫಲವೇನೆಂದು ತೋರಿಸಬೇಕು. ಹಣ ಎಷ್ಟು ಖರ್ಚಾಯಿತೆಂಬುದು ಫಲವಲ್ಲ. ಮೂರನೆಯದಾಗಿ, ಕೊಳಚೆಯ ಶುದ್ಧೀಕರಣ ಘಟಕಗಳಿಂದ ಹೊರಬೀಳುವ ನೀರನ್ನು ಹಗಲಿರುಳು ತಪಾಸಿಸಿ, ವ್ಯವಸಾಯದ ನೀರಿನ ಮಾನದಂಡದಲ್ಲಿ ಭಾರಲೋಹಗಳನ್ನು ಸೇರಿಸಬೇಕು. ನಾಲ್ಕನೆಯದಾಗಿ, ಈ ಎಲ್ಲ ಅಂಕಿಗಳು ಕನ್ನಡದಲ್ಲಿ, ನದೀತೀರದ ಪ್ರತಿಯೊಂದು ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ, ತಿಂಗಳು ತಿಂಗಳಿಗೂ ಪ್ರಕಟವಾಗಬೇಕು. ಜನರಿಗೆ ತಿಳಿಯದ ಅಳತೆಯು ಅಳೆಯದಿದ್ದಂತೆಯೇ ಸರಿ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಅಳತೆಗೆ ಕಾಲ ಬೇಕು, ನದಿಯು ಅಷ್ಟರಲ್ಲಿ ಸಾಯುವದೆಂಬುದು ಒಂದು. ಅಳೆಯದೆ ಮಾಡಿದ ಕೆಲಸದಿಂದ ಕಳೆದ ಕಾಲವು ಇದಕ್ಕಿಂತ ಎಷ್ಟೋ ಹೆಚ್ಚಾಗಿದೆ. ಕೊಳವೆಬಾವಿಗೆ ಮಿತಿ ಹಾಕಿದರೆ ರೈತನು ಹಾಳಾಗುವನೆಂಬುದು ಎರಡನೆಯದು. ಇದು ತೂಕವುಳ್ಳ ಮಾತು. ಇದನ್ನು ತಳ್ಳಿಹಾಕುವವರು ಹಳ್ಳಿಯನ್ನು ಬಲ್ಲವರಲ್ಲ. ನೀರಿನ ಮೇಲೆ ಕಟ್ಟುಪಾಡು ಬರುವದಾದರೆ ಅದು ಮೊದಲು ಬರಬೇಕಾದದ್ದು ನಗರದ ಹೊಸ ಬಡಾವಣೆಗಳ, ವಿಹಾರಧಾಮಗಳ, ನೀರಿನ ಟ್ಯಾಂಕರ್ ವ್ಯಾಪಾರದ ಬಾವಿಗಳ ಮೇಲೆ. ರೈತನಿಗಾದರೋ, ಕಡಿಮೆ ನೀರಿನ ರಾಗಿ, ದ್ವಿದಳಗಳಿಗೆ ಖಚಿತವಾದ ಬೆಲೆ ಕೊಟ್ಟು, ಅವನು ಉಳಿಸಿದ ನೀರಿಗೆ ಊರಿನವರು ಋಣಿಗಳೆಂಬುದನ್ನು ಹಣದ ರೂಪದಲ್ಲಿಯೇ ಒಪ್ಪಿಕೊಳ್ಳಬೇಕು. ನದಿಯನ್ನು ಉಳಿಸುವ ಹೊರೆಯು ಅತ್ಯಂತ ಬಡವನ ಹೆಗಲಿಗೆ ಬೀಳುವದಾದರೆ ಅದು ಧರ್ಮವೂ ಅಲ್ಲ, ನಡೆಯುವ ಮಾತೂ ಅಲ್ಲ.

ಸಂಗಮದ ಕೆಳಗೆ ಕಾವೇರಿಯ ವನ್ಯಧಾಮದಲ್ಲಿ ಮಹಶೀರ್ ಎಂಬ ದೊಡ್ಡ ಮೀನಿದೆ. ಬೇರೆಲ್ಲಿಯೂ ಇಲ್ಲದ, ಕಾವೇರಿಯ ಕುಟುಂಬದ ನದಿಗಳಿಗೆ ಮಾತ್ರ ಸೇರಿದ ಈ ಡುಬ್ಬದ ಮಹಶೀರನ್ನು ಅಳಿವಿನ ಅಂಚಿನ ಜೀವಿಯೆಂದು ಅಂತರರಾಷ್ಟ್ರೀಯ ಪಟ್ಟಿಯಲ್ಲಿ 2018ರಲ್ಲಿ ಸೇರಿಸಿದರು. ನಂದಿಬೆಟ್ಟದ ಬುಡದಲ್ಲಿ ಕೊರೆದ ಬಾವಿಗೂ, ಪೀಣ್ಯದ ಚರಂಡಿಗೂ, ಈ ಮೀನಿಗೂ ನಡುವೆ ಇರುವದು ಒಂದೇ ನೀರಿನ ಸೂತ್ರ. ಸರಕಾರವು ತನ್ನ ಕರ್ತವ್ಯವನ್ನು ಮಾಡಲಿ. ಆದರೆ ಬೆಂಗಳೂರಿನ ಪೌರರೂ ತಮ್ಮ ಮನೆಯ ನಲ್ಲಿಯಿಂದ ಬಂದ ನೀರು ಹಿತ್ತಿಲಿನಿಂದ ಎಲ್ಲಿಗೆ ಹೋಗುವದೆಂದು ಒಮ್ಮೆ ವಿಚಾರಿಸಲಿ. ನಾಡಿಯನ್ನು ಹಿಡಿದು ನೋಡುವ ವೈದ್ಯನಿಗೂ, ರೋಗವನ್ನು ಮರೆಮಾಚದ ಮನೆಯವರಿಗೂ ನಡುವೆ ನಂಬಿಕೆಯಿದ್ದಲ್ಲಿ ಮಾತ್ರ ರೋಗಿಯು ಎದ್ದು ಕುಳಿತಾನು. ಅರ್ಕಾವತಿಗೆ ಇಂದು ಬೇಕಾಗಿರುವದು ಮೊದಲು ಆ ನಾಡೀಪರೀಕ್ಷೆ. ಔಷಧವು ಆಮೇಲಿನ ಮಾತು.